ಕಪಿಲಾ-ಕಾವೇರೀ ಸಂಗಮಪ್ರಾಂತದಲ್ಲಿ ನೀರೆತ್ತುವ ಯಂತ್ರಗಳು

೧

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲೂಕುಗಳು ನದಿಗಳ ನಾಡೆಂದು ಹೆಸರಾಗಿವೆ. ವಯನಾಡಿನಲ್ಲಿ ಹುಟ್ಟುವ ಕಬಿನಿಯು, ಪುರಾಣಪ್ರಿಯರ ಬಾಯಲ್ಲಿ ಕಪಿಲೆಯೆನಿಸಿಕೊಂಡು, ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಬಳಿಯಲ್ಲಿ ಹರಿದು, ಅದೇ ಊರಿನ ಸಮೀಪದಲ್ಲಿ ಗುಂಡ್ಲು ಹೊಳೆಯನ್ನು ಕೂಡಿಕೊಂಡು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಒಂದಾದ ಹೊಳೆಯು ತಲಕಾಡಿನ ಮರಳುದಿಬ್ಬಗಳನ್ನು ಬಳಸಿಕೊಂಡು ಶಿವನಸಮುದ್ರದ ಕಡೆಗೆ ಸಾಗುತ್ತದೆ. ಇಂತಹ ನಾಡಿನಲ್ಲಿ ನೀರಿಗೆ ಕೊರತೆಯೆಂಬುದು ಹೊರಗಿನವರಿಗೆ ನಂಬಲಾಗದ ಮಾತು. ಆದರೆ ಬೇಸಗೆಯಲ್ಲಿ ಈ ಹೊಳೆಗಳ ನೀರು ದಡಕ್ಕಿಂತ ಬಹಳ ಕೆಳಗೆ ಇಳಿದಿರುತ್ತದೆ; ಹೊಲವು ದಡಕ್ಕಿಂತಲೂ ಮೇಲಿರುತ್ತದೆ. ಕಣ್ಣಿಗೆ ಕಾಣುವ ನೀರು ಕೈಗೆ ಸಿಕ್ಕುವುದಿಲ್ಲ. ಹೊಳೆಯಿಂದ ದೂರದ ಬೆದ್ದಲು ಭೂಮಿಯ ಒಕ್ಕಲಿಗನಿಗೆ ಅದು ಕಣ್ಣಿಗೂ ಕಾಣದೆ ಬಾವಿಯ ತಳದಲ್ಲಿ ಅಡಗಿರುತ್ತದೆ.

ಹೀಗಿರಲು, ನೀರನ್ನು ಹೊಲಕ್ಕೆ ತರುವ ಮಾರ್ಗಗಳು ಎರಡೇ. ಮೊದಲನೆಯದು ನೀರನ್ನು ತಿರುಗಿಸುವುದು. ಎರಡನೆಯದು ನೀರನ್ನು ಎತ್ತುವುದು. ತಿರುಗಿಸುವ ಕೆಲಸಕ್ಕೆ ಅಣೆಕಟ್ಟು ಬೇಕು, ಕಾಲುವೆ ಬೇಕು, ಅವುಗಳನ್ನು ಕಟ್ಟಿಸಲು ರಾಜನೋ ಮಂತ್ರಿಯೋ ಬೇಕು. ಎತ್ತುವ ಕೆಲಸಕ್ಕೆ ಒಂದು ಬಾವಿ, ಒಂದು ಜೊತೆ ಎತ್ತು, ಒಂದು ತೊಗಲ ಚೀಲ ಸಾಕು. ಆದಕಾರಣವೇ ಮೊದಲನೆಯದಕ್ಕೆ ಚರಿತ್ರೆಯುಂಟು, ಎರಡನೆಯದಕ್ಕೆ ಬಹುಮಟ್ಟಿಗೆ ಇಲ್ಲ. ಈ ಎರಡನೆಯ ಮಾರ್ಗದ ಸಾಧನಗಳಾದ ಏತ, ಗೂಡೆ, ಕಪಿಲೆಗಳನ್ನೂ, ಅವುಗಳ ಸ್ಥಾನಕ್ಕೆ ಬಂದ ಪಿಸ್ಟನ್ ಪಂಪನ್ನೂ ಒಂದೇ ಸಾಲಿನಲ್ಲಿಟ್ಟು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ನೋಟಕ್ಕೆ ಕಪಿಲೆಗೂ ಪಂಪಿಗೂ ಸಂಬಂಧವಿದ್ದಂತೆ ತೋರುವುದಿಲ್ಲ. ಆದರೆ ಎರಡಕ್ಕೂ ಇದ್ದ ಸಮಸ್ಯೆ ಒಂದೇ: ಎತ್ತಿದ ನೀರು ಮರಳಿ ಕೆಳಗೆ ಬೀಳದಂತೆ ತಡೆಯುವುದು ಹೇಗೆ? ಈ ಪ್ರಶ್ನೆಗೆ ಬಹುಕಾಲ ಎರಡೂ ಕಡೆ ದೊರೆತ ಉತ್ತರವೂ ಒಂದೇ; ಅದು ಹದಮಾಡಿದ ತೊಗಲು.

೨

ತಿರುಗಿಸುವ ಮಾರ್ಗದ ವಿಚಾರವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ತಲಕಾಡಿನ ಬಳಿ ಕಾವೇರಿಗೆ ಅಡ್ಡಲಾಗಿರುವ ಮಾಧವಮಂತ್ರಿ ಅಣೆಕಟ್ಟು ವಿಜಯನಗರದ ಕಾಲದ ಮಾಧವಮಂತ್ರಿಯ ಹೆಸರನ್ನು ಇಂದಿಗೂ ಹೊತ್ತಿದೆ. ನಂಜನಗೂಡು ತಾಲೂಕಿನ ಹುಲ್ಲಹಳ್ಳಿಯಲ್ಲಿ ಕಪಿಲೆಗೆ ಕಟ್ಟಿದ ಅಣೆಯಿಂದ ಹುಲ್ಲಹಳ್ಳಿ ಮತ್ತು ರಾಂಪುರದ ಕಾಲುವೆಗಳು ಹೊರಡುತ್ತವೆ. ೧೯೭೪ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯವು ಇದೇ ಪರಂಪರೆಯ ದೊಡ್ಡ ಕೊನೆಯ ಕೊಂಡಿ. ಕಾಲುವೆಯ ಕೆಳಗಿನ ಭೂಮಿ ಗದ್ದೆಯಾಯಿತು, ಮೇಲಿನದು ಬೆದ್ದಲಾಗಿಯೇ ಉಳಿಯಿತು. ಒಂದೇ ಊರಿನಲ್ಲಿ ಭತ್ತ ಉಣ್ಣುವ ಮನೆಗೂ ರಾಗಿ ಉಣ್ಣುವ ಮನೆಗೂ ನಡುವಣ ಗೆರೆಯನ್ನು ಹಲವೆಡೆ ಎಳೆದದ್ದು ಕಾಲುವೆಯ ಮಟ್ಟವೇ.

ಮಟ್ಟದ ಈ ನಿಯಮವನ್ನು ಮೀರಲು ರಾಜಶಕ್ತಿಗೂ ಆಗದೆಂಬುದಕ್ಕೆ ಸಮೀಪದ ಮೈಸೂರು ನಗರವೇ ನಿದರ್ಶನ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ದಿವಾನ್ ಪೂರ್ಣಯ್ಯನವರು ಕಾವೇರಿಯ ನೀರನ್ನು ಕಾಲುವೆಯಿಂದಲೇ ಮೈಸೂರಿಗೆ ತರಬೇಕೆಂದು ಆಳವಾದ ತೋಡನ್ನು ತೋಡಿಸಿದರು. ಶ್ರಮವೂ ಹಣವೂ ವ್ಯಯವಾದುವೇ ಹೊರತು ನೀರು ಬರಲಿಲ್ಲ. ಪೂರ್ಣಯ್ಯನ ನಾಲೆಯೆಂಬ ಹೆಸರು ಮಾತ್ರ ಉಳಿಯಿತು. ಅದೇ ಶತಮಾನದ ಕೊನೆಯಲ್ಲಿ ಹೊಂಗಳ್ಳಿಯಲ್ಲಿ ಯಂತ್ರಗಳನ್ನು ನಿಲ್ಲಿಸಿ ನೀರನ್ನು ಮೇಲಕ್ಕೆತ್ತಿದ ಬಳಿಕವೇ ಕಾವೇರಿಯು ಆ ನಗರವನ್ನು ಪ್ರವೇಶಿಸಿತು. ತಿರುಗಿಸುವುದರಿಂದ ಆಗದ ಕಾರ್ಯವು ಎತ್ತುವುದರಿಂದ ಆಯಿತು.

೩

ಎತ್ತುವ ಸಾಧನಗಳಲ್ಲಿ ಅತ್ಯಂತ ಸರಳವಾದದ್ದು ಗೂಡೆ. ಹೆಣೆದ ಬುಟ್ಟಿಗೆ ನಾಲ್ಕು ಹಗ್ಗಗಳನ್ನು ಕಟ್ಟಿ, ಇಬ್ಬರು ಆಳುಗಳು ಎದುರುಬದುರಾಗಿ ನಿಂತು, ತೂಗಿ ತೂಗಿ ನೀರನ್ನು ಮೇಲಿನ ಮಡಿಗೆ ಎರಚುವರು. ಎತ್ತರವು ಮೂರು ನಾಲ್ಕು ಅಡಿಗಳನ್ನು ಮೀರಿದರೆ ಇದು ಕೆಲಸಕ್ಕೆ ಬಾರದು. ಏತವು ಅದಕ್ಕಿಂತ ಮೇಲಾದದ್ದು. ನೆಟ್ಟ ಕಂಬದ ಮೇಲೆ ಅಡ್ಡಮರವೊಂದು ತಕ್ಕಡಿಯ ದಂಡಿಗೆಯಂತೆ ತೂಗಾಡುವುದು; ಅದರ ಒಂದು ತುದಿಯಿಂದ ಗಳುವಿನ ಮೂಲಕ ಪಾತ್ರೆಯು ಬಾವಿಗೆ ಇಳಿಯುವುದು; ಇನ್ನೊಂದು ತುದಿಗೆ ಭಾರ ಕಟ್ಟಿರುವುದುಂಟು, ಇಲ್ಲವೆ ಆಳುಗಳು ಮರದ ಮೇಲೆಯೇ ಹಿಂದಕ್ಕೂ ಮುಂದಕ್ಕೂ ನಡೆದು ಭಾರವನ್ನು ಬದಲಿಸುವುದುಂಟು. ಈ ಯಂತ್ರವು ಕನ್ನಡಿಗರ ಕಣ್ಣಿಗೆ ಎಷ್ಟು ಪರಿಚಿತವಾಗಿತ್ತೆಂದರೆ, ಹೊರಗಿನ ವಿನಯಕ್ಕೂ ಒಳಗಿನ ಭಕ್ತಿಗೂ ಇರುವ ಅಂತರವನ್ನು ತೋರಿಸುವುದಕ್ಕೆ ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ತಮ್ಮ ಒಂದು ವಚನದಲ್ಲಿ ಏತದ ಬಾಗುವಿಕೆಯನ್ನೇ ದೃಷ್ಟಾಂತವಾಗಿ ತಂದಿದ್ದಾರೆ. ಆ ವಚನವನ್ನು ಪಾಠ ಹೇಳುವ ಉಪಾಧ್ಯಾಯರು ಇಂದು ಮೊದಲು ಏತವೆಂದರೇನೆಂಬುದನ್ನೇ ವಿವರಿಸಬೇಕಾಗಿದೆ.

ಮೂರನೆಯದು ಕಪಿಲೆ. ೧೮೦೦-೧೮೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ ೧೮೦೭ರಲ್ಲಿ ಲಂಡನ್ನಿನಲ್ಲಿ ತನ್ನ ಪ್ರವಾಸಗ್ರಂಥವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್, ಏತ ಮತ್ತು ಕಪಿಲೆಗಳನ್ನು ದೇಶದ ಹೆಸರುಗಳಿಂದಲೇ ಗುರುತಿಸಿದ್ದಾನೆ. ಕಪಿಲೆಯೆಂಬ ಈ ಹೆಸರು ನಂಜನಗೂಡಿನ ಹೊಳೆಯ ಹೆಸರಿನೊಡನೆ ಅಕ್ಷರಶಃ ಒಂದಾಗಿರುವುದರಿಂದ, ಹೊಳೆಯಿಂದ ಯಂತ್ರಕ್ಕೆ ಹೆಸರು ಬಂದಿತೆಂದೋ, ಎತ್ತು ಎಳೆಯುವುದರಿಂದ ಕಪಿಲೆಯೆಂಬ ಗೋವಿನ ಹೆಸರು ಇದಕ್ಕೆ ಅಂಟಿತೆಂದೋ ಊಹಿಸುವುದು ಸುಲಭ. ಆದರೆ ಹೊಳೆಯ ಹೆಸರು ತಿಳಿಯದ ದೂರದ ಸೀಮೆಗಳಲ್ಲಿಯೂ ಈ ಶಬ್ದವುಂಟು. ತೆಲುಗರಲ್ಲಿ ಇದು ಕಪಿಲ. ತಮಿಳರಲ್ಲಿ ಕವಲೈ, ಕಮಲೈ. ದ್ರಾವಿಡ ಭಾಷೆಗಳ ಒಕ್ಕಲಿಗರೆಲ್ಲರಲ್ಲಿಯೂ ಹರಡಿರುವ ಕಸುಬಿನ ಮಾತೊಂದು ಸಂಸ್ಕೃತದ ಉಡುಪನ್ನು ತೊಟ್ಟು ಹೊಳೆಯ ಪಕ್ಕದಲ್ಲಿ ನಿಂತಿದೆಯೆಂದು ಭಾವಿಸುವುದೇ ಹೆಚ್ಚು ಯುಕ್ತವಾಗಿ ತೋರುತ್ತದೆ.

ಕಪಿಲೆಯ ರಚನೆಯಲ್ಲಿ ಮೇಲುನೋಟಕ್ಕೆ ಕಾಣದ ಸೂಕ್ಷ್ಮವೊಂದಿದೆ. ಬಾವಿಯ ಅಂಚಿನಲ್ಲಿ ಎರಡು ಕಂಬಗಳ ನಡುವೆ ಮೇಲ್ಗಡೆ ಒಂದು ಗಾಲಿ. ಕೆಳಗೆ, ನೀರು ಸುರಿಯುವ ತೊಟ್ಟಿಯ ಅಂಚಿನಲ್ಲಿ, ಮರದ ಒಂದು ಉರುಳೆ. ತೊಗಲ ಚೀಲದ ಬಾಯಿಗೆ ಕಟ್ಟಿದ ದಪ್ಪ ಮಿಣಿಯು ಮೇಲಿನ ಗಾಲಿಯ ಮೂಲಕವೂ, ಚೀಲದ ತಳದಿಂದ ಹೊರಟ ಉದ್ದನೆಯ ತೊಗಲ ಬಾಲದ ತುದಿಗೆ ಕಟ್ಟಿದ ತೆಳುವಾದ ಹಗ್ಗವು ಕೆಳಗಿನ ಉರುಳೆಯ ಮೂಲಕವೂ ಹಾದು, ಎರಡೂ ಎತ್ತುಗಳ ನೊಗಕ್ಕೆ ಸೇರುತ್ತವೆ. ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆದಂತೆ ಚೀಲವು ಮೇಲೇರುವುದು. ಏರುವಾಗ ಬಾಲವು ಮಡಿಚಿಕೊಂಡು ಚೀಲದ ಬಾಯಿಯ ಮಟ್ಟಕ್ಕೆ ನಿಂತಿರುವುದರಿಂದ ನೀರು ಚೆಲ್ಲುವುದಿಲ್ಲ. ಅಂಚನ್ನು ಮುಟ್ಟಿದೊಡನೆ ಬಾಲವು ಉರುಳೆಯ ಮೇಲೆ ಮುಂದಕ್ಕೆ ಚಾಚಿಕೊಳ್ಳುವುದು, ಚೀಲವು ಮಾತ್ರ ಇನ್ನೂ ಮೇಲಕ್ಕೆ ಹೋಗುವುದು. ನೀರು ತಾನಾಗಿಯೇ ತೊಟ್ಟಿಗೆ ಸುರಿಯುವುದು. ಯಾರೂ ಕೈಯಿಟ್ಟು ಚೀಲವನ್ನು ಬಗ್ಗಿಸಬೇಕಾದುದಿಲ್ಲ. ಮಡಿಚಿದಾಗ ಮುಚ್ಚಿ, ಚಾಚಿದಾಗ ತೆರೆಯುವ ಈ ತೊಗಲ ಬಾಲವು ಅರ್ಥತಃ ಒಂದು ಕವಾಟವೇ ಆಗಿದೆ.

ಇದನ್ನು ನಡೆಯಿಸುವವನ ಜಾಣ್ಮೆಯೆಲ್ಲವೂ ಎರಡು ಹಗ್ಗಗಳ ಅಳತೆಯಲ್ಲಿತ್ತು. ತೆಳುಹಗ್ಗವು ನಾಲ್ಕು ಬೆರಳು ಉದ್ದವಾದರೆ ಬಾಲದ ಬಾಯಿ ನೀರಿನ ಮಟ್ಟಕ್ಕಿಂತ ಕೆಳಗೆ ಜೋತು, ಅರ್ಧ ನೀರು ದಾರಿಯಲ್ಲಿಯೇ ಬಾವಿಗೆ ಬೀಳುವುದು. ಗಿಡ್ಡವಾದರೆ ಬಾಲವು ಬಿಗಿದು, ಚೀಲವು ಸರಿಯಾಗಿ ಮುಳುಗಿ ತುಂಬುವುದಕ್ಕೂ ತೊಡಕಾಗುವುದು. ಬೇಸಗೆಯಲ್ಲಿ ನೀರು ಇಳಿದಂತೆಲ್ಲ ಎರಡು ಹಗ್ಗಗಳನ್ನೂ ಸಮವಾಗಿ ಉದ್ದಮಾಡಬೇಕು; ಹಗ್ಗ ಉದ್ದವಾದರೆ ಎತ್ತು ನಡೆಯುವ ಇಳಿಜಾರೂ ಅಷ್ಟೇ ಉದ್ದವಾಗಬೇಕು. ಒಣಗಿದ ತೊಗಲು ಸೀಳುವುದು. ಸದಾ ನೆನೆದ ತೊಗಲು ಕೊಳೆಯುವುದು. ಆದುದರಿಂದ ಎಣ್ಣೆ ತೊಡೆದು ಹದದಲ್ಲಿರಿಸಬೇಕು. ಎತ್ತುಗಳು ಇಳಿಯುವಾಗ ಹೊಡೆಯುವಾತನು ಮಿಣಿಯ ಮೇಲೆ ಕುಳಿತು ತನ್ನ ಮೈಭಾರವನ್ನೂ ಅವುಗಳಿಗೆ ನೆರವಾಗಿ ಕೊಡುತ್ತಿದ್ದನು. ಇಂತಹ ಕೆಲಸದ ಶಾಸ್ತ್ರವು ಯಾವ ಓಲೆಯಲ್ಲಿಯೂ ಬರೆಯಲ್ಪಡದೆ ಕೈಯಿಂದ ಕೈಗೆ ಬಂದಿತು.

೪

ಈ ಯಂತ್ರದಲ್ಲಿ ಮರದ ಭಾಗಗಳನ್ನು ಬಡಗಿಯೂ, ಕಬ್ಬಿಣದ ಬಳೆ ಅಚ್ಚುಗಳನ್ನು ಕಮ್ಮಾರನೂ, ಚೀಲ ಬಾಲ ಮಿಣಿಗಳನ್ನು ಮಾದಿಗ ಸಮುದಾಯದ ಕುಶಲಿಗಳೂ ಒದಗಿಸುತ್ತಿದ್ದರು. ಇವರಿಗೆ ಕೂಲಿಯು ಹಣದ ರೂಪದಲ್ಲಿ ಬರುತ್ತಿರಲಿಲ್ಲ. ಸುಗ್ಗಿಯ ಕಣದಲ್ಲಿ ಧಾನ್ಯದ ಒಂದು ಪಾಲು ಸಲ್ಲುತ್ತಿತ್ತು. ಆಯವೆಂದು ಹೆಸರಾದ ಈ ಏರ್ಪಾಡಿನಲ್ಲಿ ಒಕ್ಕಲಿಗನ ಬೆಳೆಗೂ ಚಮ್ಮಾರನ ಹೊಲಿಗೆಗೂ ನೇರವಾದ ನಂಟಿತ್ತು. ಚೀಲ ಸೋರಿದರೆ ಬೆಳೆ ಒಣಗುವುದು; ಬೆಳೆ ಒಣಗಿದರೆ ಚೀಲ ಹೊಲಿದವನ ಪಾಲೂ ಇಲ್ಲವಾಗುವುದು.

ಒಂದು ಹಸಿಯ ತೊಗಲು ನೀರು ಹಿಡಿಯುವ ಚೀಲವಾಗಬೇಕಾದರೆ ನಡೆಯಬೇಕಾದ ಕೆಲಸ ಅಲ್ಪವಲ್ಲ. ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆಯುವುದು, ಒಳಗಿನ ಮಾಂಸದ ಪೊರೆಯನ್ನು ಹೆರೆಯುವುದು, ತಂಗಡಿಯೇ ಮೊದಲಾದ ಒಗರು ತೊಗಟೆಗಳ ರಸದಲ್ಲಿ ದಿನಗಟ್ಟಲೆ ಊರಿಸುವುದು, ಎಣ್ಣೆ ಕುಡಿಸುವುದು, ಬಳಿಕ ನೀರು ಜಿನುಗದ ಹಾಗೆ ತೊಗಲಿನ ದಾರದಿಂದಲೇ ಹೊಲಿಯುವುದು. ಹೊಲಿಗೆ ಬಿಗಿಯಾದರೆ ತೊಗಲು ಹರಿಯುವುದು, ಸಡಿಲಾದರೆ ಸೋರುವುದು. ಈ ಜ್ಞಾನವನ್ನು ಪಡೆದವರನ್ನು ಸಮಾಜವು ಊರಿನ ಹೊರಗಿಟ್ಟಿತು. ಅವರು ಹೊಲಿದ ಚೀಲವು ಬಾವಿಯೊಳಗೆ ಇಳಿಯಬಹುದಾಗಿತ್ತು. ಅದು ಎತ್ತಿದ ನೀರು ಎಲ್ಲರ ಹೊಲಕ್ಕೂ ಹರಿಯಬಹುದಾಗಿತ್ತು. ಅವರ ಕೊಡ ಮಾತ್ರ ಮೇಲ್ಜಾತಿಯ ಬಾವಿಯೊಳಗೆ ಇಳಿಯುವಂತಿರಲಿಲ್ಲ. ನಮ್ಮ ನೀರಾವರಿಯ ಚರಿತ್ರೆಯನ್ನು ಬರೆಯುವವರು ಈ ವಿಪರ್ಯಾಸವನ್ನು ಅಡಿಟಿಪ್ಪಣಿಗೆ ತಳ್ಳುವಂತಿಲ್ಲ. ಅದು ಆ ಯಂತ್ರದ ರಚನೆಯಲ್ಲಿಯೇ ಹೊಲಿದುಕೊಂಡಿರುವ ಸಂಗತಿ.

ಶಾಸನಗಳು ಈ ವಿಷಯದಲ್ಲಿ ಏನು ಹೇಳುತ್ತವೆಂಬ ಪ್ರಶ್ನೆ ಸಹಜ. ಈ ಎರಡು ತಾಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ೧೮೯೪ರಲ್ಲಿ ಪ್ರಕಟಿಸಿದರು. ದಾನಶಾಸನಗಳು ಗದ್ದೆ ಬೆದ್ದಲುಗಳ ಎಲ್ಲೆಯನ್ನು ನಿಖರವಾಗಿ ಹೇಳುತ್ತವೆ. ವಿಜಯನಗರದ ಕಾಲದ ದಾನಪತ್ರಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳ ಎಣಿಕೆಯುಂಟು. ಎಂದರೆ ನೀರು ಒಂದು ಸ್ವಾಮ್ಯವಾಗಿ ಎಣಿಸಲ್ಪಟ್ಟಿತ್ತು. ನೀರಿನ ಒಡೆತನವು ಹೀಗೆ ಕಲ್ಲಿನ ಮೇಲೂ ತಾಮ್ರದ ಮೇಲೂ ಬರೆಯಲ್ಪಟ್ಟರೆ, ನೀರನ್ನು ಎತ್ತುವ ದುಡಿಮೆಯು ತೊಗಲಿನಲ್ಲಿ ಹೊಲಿಯಲ್ಪಟ್ಟಿತು. ಕಲ್ಲು ಉಳಿಯಿತು, ತೊಗಲು ಕೊಳೆಯಿತು. ಚರಿತ್ರೆಯ ಅಸಮತೆಗೆ ಇದೂ ಒಂದು ಕಾರಣ. ತೊಗಲಿನ ಕಸುಬಿನವರ ಹೆಸರನ್ನು ಗೌರವದಿಂದ ಉಳಿಸಿಕೊಂಡದ್ದು ಶಾಸನಕ್ಕಿಂತ ಹೆಚ್ಚಾಗಿ ಸಾಹಿತ್ಯ. ಮಾದಾರ ಚೆನ್ನಯ್ಯ, ಮಾದಾರ ಧೂಳಯ್ಯ ಎಂಬ ಶರಣರ ಹೆಸರುಗಳನ್ನು ಇಲ್ಲಿ ನೆನೆಯಬಹುದು.

೫

ಇನ್ನು ಪಂಪಿನ ವಿಚಾರ. ಈ ಯಂತ್ರದ ಹುಟ್ಟು ಬೆಳವಣಿಗೆಗಳು ನಡೆದದ್ದು ದೂರದ ದೇಶಗಳಲ್ಲಿ. ಅದರ ಕೊನೆಯ ರೂಪವು ಸಿದ್ಧವಾದದ್ದು ಬಹುಮಟ್ಟಿಗೆ ನೀರಿನ ಮೇಲೆ ಸಾಗುವ ನಾವೆಗಳಲ್ಲಿ. ಕಪಿಲೆಯೊಡನೆ ಅದನ್ನು ಹೋಲಿಸಬೇಕಾದರೆ ಆ ಕಡೆಗೆ ಸ್ವಲ್ಪ ತಿರುಗುವುದು ಅನಿವಾರ್ಯ.

ಕೊಳವೆಯೊಳಗೆ ಪಿಸ್ಟನ್ನನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ, ಒಂದು ಕವಾಟದಿಂದ ನೀರನ್ನು ಒಳಗೆ ಸೆಳೆದು ಇನ್ನೊಂದರಿಂದ ಹೊರಕ್ಕೆ ದೂಡುವ ಯಂತ್ರವನ್ನು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕ್ಟೆಸಿಬಿಯಸ್ ರಚಿಸಿದನೆಂದು ಪ್ರಸಿದ್ಧಿ. ೧೨೦೬ರಲ್ಲಿ ಅಲ್ ಜಜರಿಯು ಎರಡು ಸಿಲಿಂಡರುಗಳ ಇಂತಹ ಯಂತ್ರವನ್ನು ತನ್ನ ಗ್ರಂಥದಲ್ಲಿ ವರ್ಣಿಸಿದನು. ಯೂರೋಪಿನ ಮರದ ಹಡಗುಗಳಲ್ಲಿ ತಳಕ್ಕೆ ಸೋರಿದ ನೀರನ್ನು ಹೊರಹಾಕಲು ಮರದ ಬೊಡ್ಡೆಯನ್ನೇ ಕೊರೆದು ಮಾಡಿದ ಪಂಪುಗಳಿದ್ದುವು. ಅವುಗಳ ಕವಾಟ ತೊಗಲಿನದು. ಪಿಸ್ಟನ್ನಿನ ಸುತ್ತ ಬಿಗಿದ ಪಟ್ಟಿಯೂ ತೊಗಲಿನದು. ದೂರಯಾನಕ್ಕೆ ಹೊರಡುವ ಹಡಗು ಹಾಯಿ ಹಗ್ಗಗಳೊಂದಿಗೆ ಪಂಪಿನ ತೊಗಲನ್ನೂ ಕಟ್ಟಿಕೊಂಡು ಹೋಗಬೇಕಾಗಿತ್ತು. ತಿರುಮಕೂಡಲಿನ ಹೊಳೆಯಲ್ಲಿ ತೇಲುವ ಹರಿಗೋಲಿನ ಮೈಗೆ ಹೊದಿಸುತ್ತಿದ್ದುದೂ ತೊಗಲೇ. ನೀರನ್ನು ಹೊರಗಿಡುವುದಕ್ಕೂ, ಒಳಗೆ ಹಿಡಿದಿಡುವುದಕ್ಕೂ ಅಂದಿನ ಮನುಷ್ಯನಿಗೆ ಅದಕ್ಕಿಂತ ಒಳ್ಳೆಯ ಪದಾರ್ಥವು ದೊರೆತಿರಲಿಲ್ಲ.

ಉಗಿಯ ಯುಗದಲ್ಲಿ ಪಂಪಿಗೆ ಹೊಸ ಕೆಲಸ ಬಂದಿತು. ಬಾಯ್ಲರಿಗೆ ನೀರುಣಿಸುವುದೇ ಅದು. ಅಮೆರಿಕದ ಹೆನ್ರಿ ವರ್ದಿಂಗ್ಟನ್ನನು ಕಾಲುವೆಯ ಉಗಿದೋಣಿಯೊಂದರ ಮೇಲೆ ಪ್ರಯೋಗ ನಡೆಯಿಸುತ್ತಿದ್ದಾಗ ಒಂದು ತೊಡಕು ಎದುರಾಯಿತು. ನೀರುಣಿಸುವ ಪಂಪು ದೋಣಿಯ ಎಂಜಿನ್ನಿಗೇ ಜೋಡಿಸಿದ್ದುದರಿಂದ, ದೋಣಿ ನಿಂತರೆ ಪಂಪೂ ನಿಲ್ಲುತ್ತಿತ್ತು. ಬಾಯ್ಲರಿನ ನೀರು ಮಾತ್ರ ಕುದಿದು ಇಳಿಯುತ್ತಿತ್ತು. ಆಗ ಕೈಯಿಂದ ಪಂಪು ಮಾಡಬೇಕಾಗುತ್ತಿತ್ತು. ೧೮೪೦ರಲ್ಲಿ ಅವನು ಇದಕ್ಕೆ ಪರಿಹಾರವಾಗಿ, ಎಂಜಿನ್ನಿನ ಹಂಗಿಲ್ಲದೆ ಉಗಿಯ ಪಿಸ್ಟನ್ನೇ ನೀರಿನ ಪಿಸ್ಟನ್ನನ್ನು ನೇರವಾಗಿ ದೂಡುವ ಪಂಪನ್ನು ಮಾಡಿದನು. ಮುಂದೆ ಎರಡು ಪಂಪುಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದರ ದಂಡವು ಇನ್ನೊಂದರ ಉಗಿಯ ಕವಾಟವನ್ನು ಆಡಿಸುವಂತೆ ಮಾಡಿದ ಜೋಡಿಪಂಪು ಬಂದಿತು. ಒಂದು ನಿಲ್ಲುವ ಹೊತ್ತಿಗೆ ಇನ್ನೊಂದು ಹೊರಡುವುದರಿಂದ ನೀರಿನ ಹರಿವು ಕಡಿಯುವುದಿಲ್ಲ. ಹಡಗುಗಳ ಯಂತ್ರಶಾಲೆಗಳಲ್ಲಿಯೂ ಊರುಗಳ ನೀರಿನ ಕಾರ್ಖಾನೆಗಳಲ್ಲಿಯೂ ಈ ಬಗೆಯ ಪಂಪುಗಳು ಹರಡಿದುವು.

ಹಡಗಿನ ಪಂಪನ್ನು ನಡೆಯಿಸುವವನ ಕೆಲಸವನ್ನು ಕಪಿಲೆಯವನ ಕೆಲಸದ ಪಕ್ಕದಲ್ಲಿಟ್ಟು ನೋಡುವುದು ಉಚಿತವಾಗಿದೆ. ಉಗಿಯನ್ನು ಬಿಡುವ ಮೊದಲು ಅವನು ನೀರು ಸೆಳೆಯುವ ಮತ್ತು ದೂಡುವ ಎರಡು ದಾರಿಗಳೂ ತೆರೆದಿವೆಯೇ ಎಂದು ನೋಡಬೇಕು. ದೂಡುವ ದಾರಿ ಮುಚ್ಚಿದ್ದರೆ ಕೊಳವೆಯೇ ಒಡೆದೀತು. ತಣ್ಣಗಿರುವ ಉಗಿಯ ಸಿಲಿಂಡರಿನಲ್ಲಿ ನಿಂತ ನೀರನ್ನು ಹೊರಬಿಟ್ಟು ಮೆಲ್ಲಮೆಲ್ಲನೆ ಬಿಸಿಯೇರಿಸಬೇಕು. ದಂಡವು ಹೊರಬರುವ ಕಂಠದಲ್ಲಿ ಕೊಬ್ಬು ಹಚ್ಚಿದ ಸೆಣಬಿನ ಹುರಿಯನ್ನು ತುಂಬಿರುವುದುಂಟು. ಅದನ್ನು ಅತಿಯಾಗಿ ಬಿಗಿದರೆ ದಂಡವು ಸವೆದು ಗೀರು ಬೀಳುವುದು. ಸಡಿಲಬಿಟ್ಟರೆ ಗಾಳಿಯು ಒಳನುಗ್ಗುವುದು. ಒಂದೊಂದೇ ಹನಿ ತೊಟ್ಟಿಕ್ಕುವಷ್ಟು ಬಿಗಿಯಿರಬೇಕೆಂಬುದು ಅನುಭವಿಗಳ ಅಳತೆ. ಪಂಪು ಬಡಿಯುವ ಸದ್ದು ಮಾಡಿದರೆ ಸೆಳೆಯುವ ಕೊಳವೆಯಲ್ಲಿ ಗಾಳಿ ಸೇರಿರಬಹುದು. ಪಿಸ್ಟನ್ ಆಡುತ್ತಿದ್ದರೂ ನೀರು ಕಡಮೆಯಾದರೆ ಕವಾಟದ ಕೆಳಗೆ ಕಸ ಸಿಕ್ಕಿರಬಹುದು, ಇಲ್ಲವೆ ಪಿಸ್ಟನ್ನಿನ ಪಟ್ಟಿ ಸವೆದು ನೀರು ಹಿಂದಕ್ಕೆ ಜಾರುತ್ತಿರಬಹುದು. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಪಿಸ್ಟನ್ನಿನ ನಡೆಯ ಅಳತೆ. ಜೋಡಿಪಂಪಿನಲ್ಲಿ ಕವಾಟದ ದಂಡಕ್ಕೂ ಕವಾಟಕ್ಕೂ ನಡುವೆ ಬೇಕೆಂದೇ ಸ್ವಲ್ಪ ಸಡಿಲನ್ನು ಬಿಟ್ಟಿರುವರು. ಸಡಿಲು ಕಡಮೆಯಾದರೆ ಕವಾಟವು ಬೇಗನೆ ಸರಿದು ಪಿಸ್ಟನ್ ಅರ್ಧದಾರಿಯಲ್ಲೇ ಹಿಂದಿರುಗುವುದು. ಹೆಚ್ಚಾದರೆ ಸಿಲಿಂಡರಿನ ಮುಚ್ಚಳಕ್ಕೆ ಹೋಗಿ ಬಡಿಯುವುದು. ತಿರುಪನ್ನು ಒಂದಿಷ್ಟು ತಿರುಗಿಸಿ, ನಡೆಯನ್ನು ಕಣ್ಣಿನಿಂದ ನೋಡಿ, ಸದ್ದನ್ನು ಕಿವಿಯಿಂದ ಕೇಳಿ ಇದನ್ನು ಹೊಂದಿಸಬೇಕು. ತೆಳುಹಗ್ಗದ ನಾಲ್ಕು ಬೆರಳಿನ ವ್ಯತ್ಯಾಸವನ್ನು ಅರಿತಿದ್ದ ಕಪಿಲೆಯವನಿಗೆ ಈ ಮಾತು ಹೊಸದಾಗಿ ತೋರುತ್ತಿರಲಿಲ್ಲ.

ಒಂದು ಭೇದ ಮಾತ್ರ ಮುಖ್ಯವಾದದ್ದು. ಕಪಿಲೆಯು ನೀರನ್ನು ಕೆಳಗಿನಿಂದ ಹೊತ್ತು ತರುವುದು; ಮೇಲಿರಿಸಿದ ಪಂಪಾದರೋ ಗಾಳಿಯ ಒತ್ತಡವನ್ನು ನೆಚ್ಚಿಕೊಂಡು ನೀರನ್ನು ಮೇಲಕ್ಕೆ ಬರಮಾಡಿಕೊಳ್ಳುವುದು. ಈ ಒತ್ತಡಕ್ಕೆ ಒಂದು ಮಿತಿಯಿದೆಯೆಂದು ಟಾರಿಚೆಲ್ಲಿಯು ಹದಿನೇಳನೆಯ ಶತಮಾನದ ನಡುವೆ ಸ್ಥಾಪಿಸಿದನು. ಸಮುದ್ರಮಟ್ಟದಲ್ಲಿ ಆ ಮಿತಿ ಸುಮಾರು ೩೪ ಅಡಿ. ಸಂಗಮಪ್ರಾಂತವು ಸಮುದ್ರಮಟ್ಟಕ್ಕಿಂತ ಎರಡು ಸಾವಿರ ಅಡಿಗೂ ಮೇಲಿರುವುದರಿಂದ ಅಲ್ಲಿ ಲೆಕ್ಕದ ಮೇರೆಗೆ ೩೧ ಅಡಿ ಚಿಲ್ಲರೆಯಷ್ಟೆ. ಕವಾಟ ಕೊಳವೆಗಳ ಪ್ರತಿರೋಧವನ್ನು ಕಳೆದರೆ ವ್ಯವಹಾರದಲ್ಲಿ ಇನ್ನೂ ಬಹಳ ಕಡಮೆ. ಹಡಗಿನಲ್ಲಿ ಚೆನ್ನಾಗಿ ನಡೆಯುವ ಪಂಪನ್ನು ತಂದು ನಂಜನಗೂಡಿನ ಆಳದ ಬಾವಿಯ ದಡದಲ್ಲಿರಿಸಿದರೆ ಅದು ಗಾಳಿಯನ್ನಷ್ಟೇ ನುಂಗೀತು. ಕಪಿಲೆಗೆ ಈ ಮಿತಿಯಿರಲಿಲ್ಲ. ಹಳೆಯ ಸಾಧನವು ಬಹುಕಾಲ ಬಾಳಿದುದಕ್ಕೆ ಒಕ್ಕಲಿಗನ ಬಡತನ, ಹೊಸತರ ಅಂಜಿಕೆಗಳಷ್ಟೇ ಕಾರಣವಲ್ಲ. ಬಾವಿಯ ಆಳವೂ ಕಾರಣ.

೬

ಮೈಸೂರು ಸಂಸ್ಥಾನದಲ್ಲಿ ಉಗಿಯಂತ್ರದಿಂದ ನೀರೆತ್ತಿದ ಪ್ರಸಿದ್ಧ ನಿದರ್ಶನ ಬೆಂಗಳೂರಿನದು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಏರ್ಪಟ್ಟ ಚಾಮ ರಾಜೇಂದ್ರ ನೀರಿನ ಕಾರ್ಖಾನೆಯ ಮೂಲಕ ೧೮೯೬ರಿಂದ ಹೆಸರಘಟ್ಟದ ಕೆರೆಯ ನೀರು ಸೋಲದೇವನಹಳ್ಳಿಗೆ ಹರಿದುಬಂದು, ಅಲ್ಲಿ ಉಗಿಪಂಪುಗಳಿಂದ ಎತ್ತಲ್ಪಟ್ಟು ನಗರಕ್ಕೆ ಸೇರಿತು. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಜಲವಿದ್ಯುತ್ತು ಹುಟ್ಟಿ ಮೊದಲು ಕೋಲಾರದ ಚಿನ್ನದ ಗಣಿಗಳಿಗೂ, ೧೯೦೫ರಲ್ಲಿ ಬೆಂಗಳೂರಿಗೂ, ೧೯೦೮ರಲ್ಲಿ ಮೈಸೂರಿಗೂ ಹರಿಯಿತು. ತಿರುಮಕೂಡಲಿನ ದಡವನ್ನು ಸುಮ್ಮನೆ ದಾಟಿಹೋದ ನೀರೇ ಕೆಳಗೆ ಧುಮುಕಿ ವಿದ್ಯುತ್ತಾಗಿ ತಂತಿಯ ಮೂಲಕ ಹಿಂದಿರುಗಿ, ಕಾಲಾಂತರದಲ್ಲಿ ಅದೇ ನೀರನ್ನು ದಡದ ಮೇಲಕ್ಕೆತ್ತುವ ಶಕ್ತಿಯಾಯಿತು.

ಹಳೆಯ ತೊಗಲಿಗೂ ಹೊಸ ಯಂತ್ರಕ್ಕೂ ನಡುವೆ ನಿಂತ ಒಬ್ಬ ವ್ಯಕ್ತಿಯನ್ನು ಇಲ್ಲಿ ಉಲ್ಲೇಖಿಸಬೇಕು. ಮದರಾಸಿನಲ್ಲಿ ಎಂಜಿನಿಯರ್ ಆಗಿದ್ದ ಆಲ್ಫ್ರೆಡ್ ಚಾಟರ್ಟನ್ನರು ಎಣ್ಣೆಯ ಎಂಜಿನ್ನಿನಿಂದ ನಡೆಯುವ ಪಂಪುಗಳನ್ನು ಒಕ್ಕಲಿಗರಲ್ಲಿ ಪ್ರಚಾರಮಾಡಿದವರಲ್ಲಿ ಮೊದಲಿಗರು. ಅದೇ ಕಾಲದಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಅವರು ಕ್ರೋಮಿನಿಂದ ತೊಗಲು ಹದಮಾಡುವ ಪ್ರಯೋಗಗಳನ್ನು ನಡೆಯಿಸಿದರು. ಆ ತೊಗಲಿನ ಉಪಯೋಗಗಳಲ್ಲಿ ಒಂದು, ನೀರಿನಲ್ಲಿ ಬೇಗ ಕೊಳೆಯದ ಕಪಿಲೆಯ ಚೀಲ. ನೀರೆತ್ತುವ ಸಾಧನಗಳ ಮೇಲೆ ಅವರು ಬರೆದ ಇಂಗ್ಲಿಷ್ ಗ್ರಂಥವು ೧೯೧೨ರಲ್ಲಿ ಹೊರಬಂದಿತು. ಆ ವರ್ಷವೇ ಅವರು ಮೈಸೂರು ಸಂಸ್ಥಾನದ ಕೈಗಾರಿಕೆಗಳ ಮುಖ್ಯಾಧಿಕಾರಿಯಾಗಿ ಬಂದರು. ಅಂದು ನರಸೀಪುರದ ನೆರೆಯ ಕೊಳ್ಳೇಗಾಲವು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಕಪಿಲೆಯನ್ನು ತ್ಯಜಿಸಬೇಕೇ ತಿದ್ದಬೇಕೇ ಎಂಬ ಪ್ರಶ್ನೆಯನ್ನು ಚಾಟರ್ಟನ್ನರು ಎರಡು ಕಡೆಯಿಂದಲೂ ಪರೀಕ್ಷಿಸಿದರೆಂಬುದು ಗಮನಾರ್ಹ. ಆದರೆ ಕಾರ್ಖಾನೆಯಲ್ಲಿ ಹದವಾದ ತೊಗಲು ಪೇಟೆಯಿಂದ ಹಣಕ್ಕೆ ಬರುವ ಸರಕು. ಊರ ಕುಶಲಿಯ ಕೈಗೂ ಕಣದ ಆಯಕ್ಕೂ ಇದ್ದ ನಂಟಿಗೆ ಅದರಲ್ಲಿ ಎಡೆಯಿರಲಿಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿದ್ಯುತ್ತಿನ ಪಂಪು ಹಳ್ಳಿಹಳ್ಳಿಗೂ ಬಂದು ಕಪಿಲೆಯು ಕಣ್ಮರೆಯಾಯಿತು. ಈ ಹೊಸ ಪಂಪುಗಳು ಬಹುಮಟ್ಟಿಗೆ ಪಿಸ್ಟನ್ ಆಡಿಸುವ ಜಾತಿಯವಲ್ಲ; ಚಕ್ರ ತಿರುಗಿಸಿ ನೀರನ್ನು ಚಿಮ್ಮುವಂಥವು. ಹೀಗಾಗಿ ಪಿಸ್ಟನ್ ಪಂಪು ಹೊಲದಲ್ಲಿ ನೆಲೆಯೂರುವ ಮೊದಲೇ ಹಳತಾಯಿತು. ಆದರೆ ಅದು ಇನ್ನೊಂದು ಬಾಗಿಲಿನಿಂದ ಊರೊಳಗೆ ಬಂದಿತು. ೧೯೭೦ರ ದಶಕದ ಉತ್ತರಾರ್ಧದಲ್ಲಿ ಯುನಿಸೆಫಿನ ನೆರವಿನಿಂದ ರೂಪುಗೊಂಡ ಇಂಡಿಯ ಮಾರ್ಕ್ ೨ ಎಂಬ ಕೈಪಂಪು ಕುಡಿಯುವ ನೀರಿಗಾಗಿ ಸಾವಿರಾರು ಹಳ್ಳಿಗಳಲ್ಲಿ ನಿಂತಿತು. ಇದರ ಸಿಲಿಂಡರು ನೆಲದ ಮೇಲಿರದೆ ಕೊಳವೆಬಾವಿಯ ಆಳದಲ್ಲಿ, ನೀರಿನೊಳಗೇ ಮುಳುಗಿರುವುದರಿಂದ ೩೧ ಅಡಿಗಳ ಮಿತಿ ಇದಕ್ಕೆ ಅಡ್ಡಿಯಲ್ಲ. ಹಿಡಿಯನ್ನು ಅದುಮಿದಾಗ ಸರಪಣಿಯು ದಂಡವನ್ನು ಮೇಲಕ್ಕೆಳೆದು, ಒಂದು ಎಳೆತಕ್ಕೆ ಅರ್ಧ ಲೀಟರಿಗಿಂತ ಸ್ವಲ್ಪ ಕಡಮೆ ನೀರನ್ನು ಏರಿಸುವುದು. ಅದರ ಪಿಸ್ಟನ್ನಿಗೆ ಮೊದಲಲ್ಲಿ ತೊಡಿಸುತ್ತಿದ್ದುದು ಬಟ್ಟಲಿನಾಕಾರದ ತೊಗಲ ವಾಷರುಗಳನ್ನು. ನೀರಿನ ಭಾರವೇ ಬಟ್ಟಲಿನ ಅಂಚನ್ನು ಅರಳಿಸಿ ಕೊಳವೆಯ ಗೋಡೆಗೆ ಒತ್ತುವುದರಿಂದ ಎತ್ತಿದ ನೀರು ಹಿಂದಕ್ಕೆ ಜಾರದು. ಮುಂದೆ ಆ ಸ್ಥಾನವನ್ನು ನೈಟ್ರೈಲ್ ರಬ್ಬರು ಆಕ್ರಮಿಸಿತು. ತೊಗಲಿನ ದೀರ್ಘವಾದ ಸೇವೆಯು ಹೀಗೆ, ಹೊಲದ ಕಪಿಲೆಯಿಂದ ಬೀದಿಯ ಕೈಪಂಪಿನವರೆಗೆ ಬಂದು, ಯಾರ ಗಮನಕ್ಕೂ ಬಾರದೆ ಮುಗಿಯಿತು.

ಕೈಪಂಪಿನ ಇನ್ನೊಂದು ಪರಿಣಾಮವನ್ನೂ ಹೇಳಬೇಕು. ತೆರೆದ ಬಾವಿಯಲ್ಲಿ ಯಾರ ಕೊಡ ಇಳಿಯಿತೆಂಬುದು ಜಗಳದ ವಸ್ತುವಾಗುತ್ತಿತ್ತು. ಮುಚ್ಚಿದ ಕೊಳವೆಯೊಳಗೆ ಯಾರ ಕೊಡವೂ ಇಳಿಯದು. ಮೈಲಿಗೆಯ ವಾದಕ್ಕೆ ಯಂತ್ರವು ಆಧಾರವನ್ನೇ ಉಳಿಸಲಿಲ್ಲ. ಹಾಗೆಂದು ಭೇದವು ಅಳಿಯಿತೆನ್ನಲಾಗದು. ಪಂಪನ್ನು ಯಾವ ಕೇರಿಯಲ್ಲಿ ನಿಲ್ಲಿಸಬೇಕೆಂಬ ನಿರ್ಣಯಕ್ಕೆ ಅದು ಸ್ಥಳಾಂತರ ಹೊಂದಬಹುದು. ಯಂತ್ರವು ನೀರನ್ನು ಎತ್ತಬಲ್ಲುದು; ಅದನ್ನು ಹಂಚುವ ಭಾರ ಮನುಷ್ಯರ ಮೇಲೆಯೇ ಇದೆ.

೭

ಮೇಲ್ಕಂಡ ವಿಚಾರಗಳಿಂದ ಎರಡು ಅಂಶಗಳು ಸಿದ್ಧವಾಗುತ್ತವೆ. ಮೊದಲನೆಯದು, ಕಪಿಲೆಯಿಂದ ಪಂಪಿಗೆ ಆದ ಬದಲಾವಣೆಯು ಅಜ್ಞಾನದಿಂದ ಜ್ಞಾನಕ್ಕೆ ಆದ ಬದಲಾವಣೆಯಲ್ಲ. ಎಳೆತದ ಉದ್ದವನ್ನು ಹೊಂದಿಸುವುದು, ಬಿಗಿಯನ್ನೂ ಸಡಿಲನ್ನೂ ಅರಿಯುವುದು, ನೀರು ಹಿಂಜಾರದಂತೆ ತಡೆಯುವುದು, ಇವೆಲ್ಲವೂ ಎರಡು ಕಡೆಯಲ್ಲಿಯೂ ಸಮಾನವಾದ ವಿದ್ಯೆಗಳು. ಬದಲಾದದ್ದು ಶಕ್ತಿಯ ಮೂಲ. ಎರಡನೆಯದು, ನೀರೆತ್ತುವ ಚರಿತ್ರೆಯಿಂದ ತೊಗಲಿನ ಕುಶಲಿಗಳನ್ನು ತೆಗೆದುಹಾಕಿದರೆ ಆ ಚರಿತ್ರೆಯು ಸೋರುವ ಚೀಲದಂತೆ ಬರಿದಾಗುವುದು.

ಭಾಷೆಯು ಈ ವಿಷಯದಲ್ಲಿ ಜನರ ನೆನಪಿಗಿಂತ ಗಟ್ಟಿಯಾಗಿದೆ. ನಂಜನಗೂಡು ತಾಲೂಕಿನ ಆಲಂಬೂರಿನ ಬಳಿ ಕಪಿಲೆಯ ನೀರನ್ನು ವಿದ್ಯುತ್ತಿನ ಯಂತ್ರಗಳಿಂದ ಎತ್ತಿ ಚಾಮರಾಜನಗರದ ಕಡೆಯ ಕೆರೆಗಳಿಗೆ ತುಂಬಿಸುವ ಯೋಜನೆಯನ್ನು ಸರಕಾರವೂ ಜನರೂ ಏತ ನೀರಾವರಿಯೆಂದೇ ಕರೆಯುತ್ತಾರೆ. ಕಂಬವಿಲ್ಲ, ಅಡ್ಡಮರವಿಲ್ಲ, ಮರದ ಮೇಲೆ ನಡೆಯುವ ಆಳಿಲ್ಲ. ಏತವೆಂಬ ಮಾತು ಮಾತ್ರ ನಿಂತಿದೆ. ಕಪಿಲೆಗೆ ಈ ಭಾಗ್ಯ ಬರಲಿಲ್ಲ. ಅದರ ಹೆಸರು ಹೊಳೆಯ ಹೆಸರಿನೊಳಗೆ ಕರಗಿ, ಕೇಳಿದವರಿಗೆ ಹೊಳೆಯೇ ನೆನಪಾಗುವ ಸ್ಥಿತಿ ಬಂದಿದೆ. ಅದರ ಚೀಲ, ಬಾಲ, ಮಿಣಿ, ಉರುಳೆಗಳಿಗೆ ಊರೂರಿನಲ್ಲಿ ಬೇರೆಬೇರೆಯಾಗಿ ಸಲ್ಲುತ್ತಿದ್ದ ಹೆಸರುಗಳನ್ನು, ಕಪಿಲೆ ಹೊಡೆದ ಹಿರಿಯರಿಂದಲೂ ಅದನ್ನು ಹೊಲಿದ ಮನೆತನಗಳ ಹಿರಿಯರಿಂದಲೂ ಕೇಳಿ ಬರೆದಿಟ್ಟುಕೊಳ್ಳುವುದು ಕೋಶಕಾರರಿಗೂ ಅಧ್ಯಾಪಕರಿಗೂ ಇನ್ನೂ ಸಾಧ್ಯವಿರುವ ಕೆಲಸ. ಮಾಧವಮಂತ್ರಿಯ ಹೆಸರನ್ನು ಅಣೆಕಟ್ಟಿನ ಕಲ್ಲುಗಳು ಕಾಯುತ್ತವೆ. ತೊಗಲಿನಲ್ಲಿ ಬರೆದ ಚರಿತ್ರೆಗೆ ಮಾತಿನ ಹೊರತು ಬೇರೆ ಕಾವಲಿಲ್ಲ.